ಚಾಸಿಯ ಮೇಲೊಂದು ಮನೆ

ನಮ್ಮ ಹಿಟ್ನಾಳ ಕ್ರಾಸಿನಲ್ಲಿ ಬಸ್ಸಿಗಾಗಿ ಕಾದವರಿಗೆ ಬತ್ತಲೆ ಚಾಸಿಗಳ ಮೆರವಣಿಗೆ ಹೊಸದಲ್ಲ. ಗೋಡೆಯಿಲ್ಲ, ಮಾಡಿಲ್ಲ, ಒಂದು ಎಂಜಿನ್ನು, ಎರಡು ಉದ್ದನೆಯ ಉಕ್ಕಿನ ತೊಲೆ, ಗಾಲಿ, ಮುಖಕ್ಕೆ ಟವೆಲು ಸುತ್ತಿಕೊಂಡ ಚಾಲಕ. ಯಾವುದೋ ಊರಿನಲ್ಲಿ ಅವಕ್ಕೆ ಮೈ ಬಂದು ಬಸ್ಸೋ ಲಾರಿಯೋ ಆಗುತ್ತವೆ. ಈ ವರ್ಷ ನಮ್ಮ ಮನೆಯಲ್ಲಿಯೂ ಚಾಸಿಯ ಮಾತೇ ಮಾತು. ಆದರೆ ನಾವು ಅದರ ಮೇಲೆ ಕಟ್ಟಬೇಕೆಂದಿರುವುದು ಮನೆ.

ನಮ್ಮದು ಜಾತ್ರೆಯ ಅಂಗಡಿ. ಬಳೆ, ಆಟಿಗೆ ಸಾಮಾನು. ಕೊಪ್ಪಳದ ಗವಿಮಠ, ಬಾದಾಮಿಯ ಬನಶಂಕರಿ, ಕೊಟ್ಟೂರು, ಹುಲಿಗಿ, ಹೀಗೆ ತೇರು ಎಳೆಯುವಲ್ಲೆಲ್ಲ ನಾವು. ಬನಶಂಕರಿಯ ಜಾತ್ರೆ ವಾರಗಟ್ಟಲೆ ನಡೆಯುವುದಷ್ಟೆ? ಗಂಡಸರಿಗೆ ತಾಡಪತ್ರಿಯ ಮರೆ ಸಾಕು. ಅವ್ವನೂ ತಂಗಿಯೂ ಸ್ನಾನಕ್ಕಾಗಿ ನಸುಕಿನ ಮೂರಕ್ಕೇ ಏಳಬೇಕು. ತಂಗಿ ಈಗ ಹತ್ತನೆಯ ತರಗತಿ. ‘ಬಾಗಿಲಿಲ್ಲದ ಕಡೆ ನಾ ಇನ್ನ ಬರಂಗಿಲ್ಲ’ ಎಂದುಬಿಟ್ಟಳು. ಅಪ್ಪ ಸಾಲ ಮಾಡಲು ಒಪ್ಪಿದ್ದು ಅಂದೇ.

ಜರ್ಮನಿಯಲ್ಲಿ ವೆಸ್ಟ್‌ಫಾಲಿಯಾ ಎಂಬ ಕಂಪನಿ 1951ರಲ್ಲಿಯೇ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ವಾಸದ ಅನುಕೂಲ ಮಾಡಿಕೊಟ್ಟಿತ್ತು. ಅದು ವಿಹಾರಕ್ಕೆ, ನಮ್ಮದು ಹೊಟ್ಟೆಗೆ. ಹೊಟ್ಟೆಯ ಮಾತು ಬಂದಾಗ ಡೀಸೆಲ್ಲಿನ ಲೆಕ್ಕ ತಪ್ಪದು.

ಅಪ್ಪನ ಮನಸ್ಸು ಟಾಟಾ ಏಸ್ ಮೇಲೆ. 2005ರಲ್ಲಿ ಬಂದ ಈ ಪುಟ್ಟ ಗಾಡಿ ಲೀಟರಿಗೆ ಹದಿನಾರು ಕಿಲೋಮೀಟರು ಓಡುವುದೆಂದು ಕ್ರಾಸಿನ ಚಾಲಕರ ಮಾತು. 1986ರಿಂದ ರಸ್ತೆಯಲ್ಲಿರುವ 407 ಹೊರೆ ಹೊತ್ತರೆ ಎಂಟು. ಮೇಲುನೋಟಕ್ಕೆ ಏಸ್ ಗೆದ್ದಂತೆಯೇ. ಆದರೆ ಅದರ ಹೊರೆಯ ಮಿತಿ ಮುಕ್ಕಾಲು ಟನ್ನು. ಇನ್ನೂರು ಲೀಟರು ನೀರೆಂದರೆ ಇನ್ನೂರು ಕಿಲೋ. ತಗಡು, ಕಬ್ಬಿಣದ ಮೈ ಮುನ್ನೂರು. ಅಂಗಡಿಯ ಸರಕು ಐನೂರು. ಜನರನ್ನು ಏರಿಸುವ ಮೊದಲೇ ಒಂದು ಟನ್ನಾಯಿತು! ಮನೆಯನ್ನು ಮುಟ್ಟಿಸಿ, ಸರಕಿಗಾಗಿ ಮರಳಿ ಬಂದು, ಮತ್ತೆ ಹೋಗಬೇಕು. ನೂರು ಕಿಲೋಮೀಟರಿನ ದಾರಿ ಮುನ್ನೂರಾಗಿ ಹತ್ತೊಂಬತ್ತು ಲೀಟರು ಉರಿಯುತ್ತದೆ. 407 ಅದೇ ಕೆಲಸವನ್ನು ಹನ್ನೆರಡೂವರೆ ಲೀಟರಿನಲ್ಲಿ ಮುಗಿಸುತ್ತದೆ. ಕಲಾವಿಭಾಗದ ಈ ವಿದ್ಯಾರ್ಥಿಯ ಗಣಿತವನ್ನು ಅಪ್ಪ ಬೆರಳೆಣಿಸಿ ಎರಡು ಸಲ ಪರೀಕ್ಷಿಸಿದರು.

ಈಗ ನೋಡಿಟ್ಟಿರುವುದು 407ರ ಚಾಸಿಯ ಮೇಲಿನ ಹಳೆಯ ಶಾಲಾ ಬಸ್ಸು. ಮಾಡು, ಕಿಟಕಿ ಮೊದಲೇ ಇವೆ. ಸೀಟು ಕಿತ್ತರೆ ತೂಕ ಇಳಿಯುತ್ತದೆ. ಸರಕನ್ನು ಮಾಡಿನ ಮೇಲೆ ಪೇರಿಸುವ ಅಪ್ಪನ ಯೋಚನೆಯನ್ನು ನಾನು ವಿರೋಧಿಸಿದೆ. ಎತ್ತರ ಬೆಳೆದಷ್ಟೂ ಗಾಳಿ ತಡೆಯುತ್ತದೆ. ಅರವತ್ತರ ವೇಗ ಎಂಬತ್ತಾದರೆ ಆ ತಡೆ ಮುಕ್ಕಾಲು ಪಾಲಿಗಿಂತಲೂ ಹೆಚ್ಚುತ್ತದೆ. ಹಿಂದಕ್ಕೆ ಬೆಳೆಸೋಣವೆಂದರೆ ಅದಕ್ಕೂ ನಿಯಮವುಂಟು: ಮುಂದಿನ, ಹಿಂದಿನ ಗಾಲಿಗಳ ಅಂತರದ ನೂರಕ್ಕೆ ಅರವತ್ತು ಪಾಲಿಗಿಂತ ಬಾಲ ಉದ್ದವಾಗಕೂಡದು. ಹತ್ತಡಿಗೆ ಆರಡಿ. ಬಾಲದಲ್ಲಿ ನೀರಿನ ತೊಟ್ಟಿ ಇಟ್ಟರೆ ಮೂತಿ ಹಗುರಾಗಿ ಸ್ಟೇರಿಂಗು ಹಿಡಿತಕ್ಕೆ ಸಿಗದು. ತೊಟ್ಟಿಯನ್ನು ಗಾಲಿಗಳ ನಡುವೆ ತಗ್ಗಿನಲ್ಲಿ ಇಡಬೇಕು. ಬಚ್ಚಲು ಹಿಂದೆ, ಬಾಗಿಲಿಗೆ ಒಳಗಿನಿಂದ ಚಿಲಕ. ಈ ಚಿಲಕದ ವಿಷಯದಲ್ಲಿ ಯಾರೂ ತೂಕದ ಮಾತೆತ್ತಲಿಲ್ಲ. ನನ್ನ ಪುಸ್ತಕದ ಪೆಟ್ಟಿಗೆಯ ವಿಷಯದಲ್ಲಿ ಮಾತ್ರ ಅವ್ವನಾದಿಯಾಗಿ ಎಲ್ಲರೂ ಎತ್ತಿದರು.

ಉಳಿದದ್ದು ಕಾಯಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾಲೀಕನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಆದ್ದರಿಂದ ಮುಂಗಡ ಕೊಡುವ ಮೊದಲೇ ನಕ್ಷೆಯನ್ನು ಕೊಪ್ಪಳದ ಸಾರಿಗೆ ಕಚೇರಿಯಲ್ಲಿ ತೋರಿಸಿ, ಯಾವುದಕ್ಕೆ ಒಪ್ಪಿಗೆ ಸಿಗುವುದೆಂದು ಕೇಳಬೇಕು. ನಕ್ಷೆ ಮುಕ್ಕಾಲು ಮುಗಿದಿದೆ. ಪರೀಕ್ಷೆಯಾದ ವಾರವೇ ಅಪ್ಪನೊಡನೆ ಹೊರಡುವವನಿದ್ದೇನೆ. ಅರ್ಜಿ ಬರೆಯಬಲ್ಲವನು ನಮ್ಮ ಮನೆಯಲ್ಲಿ ಸದ್ಯಕ್ಕೆ ನಾನೊಬ್ಬನೇ.