ತಾಳೆ

ಫ್ರೀಮಾಂಟ್, ಕ್ಯಾಲಿಫೋರ್ನಿಯಾ
ಭಾನುವಾರ ರಾತ್ರಿ

ಪ್ರೀತಿಯ ಅಪ್ಪಾಜಿ,

ಪುಟ್ಟಿಯ ತೋಳಿನ ಊತ ಇಳಿದಿದೆ, ಚಿಂತೆ ಮಾಡಬೇಡಿ. ಫೋನಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದನ್ನು ಈಗ ಕೂತು ಬರೆಯುತ್ತಿದ್ದೇನೆ.

ಅವಳ ಸಾಫ್ಟ್‌ಬಾಲ್ ತಂಡಕ್ಕೆ ಈ ಸಲ ಸ್ಕೋರ್ ಬರೆಯುವವಳು ನಾನೇ. ಈ ಸ್ಕೋರ್ ಪುಸ್ತಕ ನಿಮಗೆ ಹಿಡಿಸುತ್ತದೆ. ಒಬ್ಬೊಬ್ಬ ಹುಡುಗಿಗೆ ಒಂದು ಸಾಲು, ಇನ್ನಿಂಗ್ಸಿಗೊಂದು ಮನೆ, ಮನೆಯೊಳಗೆ ಇಸ್ಪೀಟಿನ ಡೈಮಂಡ್‌ನಂಥ ಗೆರೆ. ಅವಳು ಒಂದೊಂದು ಬೇಸ್ ಮುಟ್ಟಿದ ಹಾಗೆ ಒಂದೊಂದು ಬದಿಯನ್ನು ಪೆನ್ಸಿಲಿನಲ್ಲಿ ತೀಡುತ್ತಾ ಹೋಗಬೇಕು. ನಾಲ್ಕೂ ಬದಿ ಕೂಡಿದರೆ ರನ್. ಫೀಲ್ಡರುಗಳಿಗೆ ಇಲ್ಲಿ ಹೆಸರಿಲ್ಲ, ನಂಬರು: ಪಿಚರ್ 1, ಕ್ಯಾಚರ್ 2, ಶಾರ್ಟ್‌ಸ್ಟಾಪ್ 6. 6-3 ಎಂದು ಬರೆದರೆ, ಶಾರ್ಟ್‌ಸ್ಟಾಪ್ ಚೆಂಡು ಹೆಕ್ಕಿ ಫಸ್ಟ್ ಬೇಸಿಗೆ ಎಸೆದು ಔಟ್ ಮಾಡಿದಳು ಅಂತ. ಮೂರು ಸ್ಟ್ರೈಕಿಗೆ ಹೋದವಳಿಗೆ ಇಂಗ್ಲಿಷಿನ ‘ಕೆ’ ಅಕ್ಷರ. ಮೂರನೆಯದಕ್ಕೆ ಬ್ಯಾಟೇ ಬೀಸದೆ ನಿಂತವಳಿಗೆ ಅದೇ ‘ಕೆ’ ಉಲ್ಟಾ. ಈ ‘ಕೆ’ ತಂದ ಹೆನ್ರಿ ಚಾಡ್ವಿಕ್ 1824ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವರು. ಬೇಸ್‌ಬಾಲ್ ಕಡೆ ತಿರುಗುವ ಮೊದಲು ಇಲ್ಲಿನ ಪತ್ರಿಕೆಗಳಿಗೆ ಕ್ರಿಕೆಟ್ ಸುದ್ದಿ ಬರೆಯುತ್ತಿದ್ದರು. ನಿಮ್ಮ ಕ್ರಿಕೆಟ್ ಸ್ಕೋರ್ ಬುಕ್ಕಿಗೂ ಇದಕ್ಕೂ ಹಳೇ ನಂಟಿದೆ.

ಕಷ್ಟವಾಗುವುದು ಎರರ್ ಹಾಕುವಾಗ. ಚೆಂಡು ಹುಡುಗಿಯ ಗ್ಲೌಸಿಗೆ ತಗುಲಿ ಜಾರಿದರೆ, ಅದು ಹೊಡೆದವಳ ಹಿಟ್ಟೋ, ಹಿಡಿಯಬೇಕಾದವಳ ತಪ್ಪೋ? ಸಾಮಾನ್ಯ ಪ್ರಯತ್ನಕ್ಕೆ ಸಿಗಬೇಕಾದ ಚೆಂಡೇ ಎಂದು ನಾನೇ ತೀರ್ಮಾನಿಸಬೇಕು. ಪಕ್ಕದಲ್ಲೇ ಚೆಂಡು ಬಿಟ್ಟವಳ ತಾಯಿ ಕೂತಿರುತ್ತಾಳೆ. ಆದರೂ ಕಂಡದ್ದನ್ನೇ ಬರೆಯುತ್ತೇನೆ.

ನಿನ್ನೆ 5-6ರಿಂದ ಸೋತೆವು. ಆಗೆಲ್ಲ ಭಾನುವಾರದ ಕ್ರಿಕೆಟ್ ಮ್ಯಾಚ್ ಮುಗಿಸಿ ಬಂದು, ಬ್ಯಾಟಿಂಗ್ ಕಡೆಯ ಮೊತ್ತ, ಬೌಲಿಂಗ್ ಕಡೆಯ ಮೊತ್ತ ತಾಳೆಯಾಗುವವರೆಗೆ ನೀವು ಊಟಕ್ಕೆ ಏಳುತ್ತಿರಲಿಲ್ಲವಲ್ಲ, ಅದೇ ಲೆಕ್ಕ ಇಲ್ಲೂ ಇದೆ. ಬ್ಯಾಟ್ ಹಿಡಿದು ಬಂದವರಷ್ಟೂ ಮೂರರಲ್ಲೊಂದು ಕಡೆ ಸಿಗಲೇಬೇಕು: ರನ್ ಗಳಿಸಿದವರು, ಔಟಾದವರು, ಇನ್ನಿಂಗ್ಸ್ ಮುಗಿದಾಗ ಬೇಸಿನ ಮೇಲೇ ಉಳಿದವರು. ಬಂದದ್ದು 33 ಸಲ. ರನ್ 5, ಔಟ್ 21, ಉಳಿದವರು 6. ಕೂಡಿದರೆ 32. ಒಬ್ಬಳು ಇಲ್ಲ!

ಅಡುಗೆಮನೆಯ ಟೇಬಲ್ ಮೇಲೆ ಪುಸ್ತಕ ಹರಡಿಕೊಂಡು ಮೂರು ಸಲ ಎಣಿಸಿದೆ. ಪುಟ್ಟಿ ತೋಳಿಗೆ ಐಸ್ ಒತ್ತಿಕೊಂಡೇ ಬಂದು ಬಗ್ಗಿ ನೋಡಿ, ಐದನೇ ಇನ್ನಿಂಗ್ಸಿನಲ್ಲಿ ತನ್ನದೇ ಸಾಲಿನ ಮೇಲೆ ಬೆರಳಿಟ್ಟಳು. ಆ ಮನೆ ಪೂರಾ ಖಾಲಿ.

ಪಿಚರ್ ಎಸೆದ ಚೆಂಡು ಅವಳ ತೋಳಿಗೆ ಬಡಿದದ್ದು ಆಗಲೇ. ಅಂಪೈರ್ ಫಸ್ಟ್ ಬೇಸ್ ಕೊಟ್ಟರು, ಅವಳು ಕಣ್ಣೊರೆಸಿಕೊಂಡು ಓಡಿದಳು. ಆಮೇಲೆ ನಾನು ಅವಳ ತೋಳನ್ನೇ ನೋಡುತ್ತಿದ್ದೆ, ಪೆನ್ಸಿಲ್ ಕೈಯಲ್ಲೇ ನಿಂತಿತ್ತು. ಮುಂದಿನವಳ ಹಿಟ್ಟಿಗೆ ಥರ್ಡ್ ಬೇಸ್ ತಲುಪಿದಳಂತೆ. ಅದರ ಮುಂದಿನವಳದು ಉಲ್ಟಾ ‘ಕೆ’, ಅಲ್ಲಿಗೆ ಮೂರು ಔಟ್.

“ನಾನು ಥರ್ಡಲ್ಲಿ ನಿಂತೇ ಇದ್ದೆ ಕಣಮ್ಮಾ, ನೀನು ಬರೆದೇ ಇಲ್ಲ.”

ಪೆನ್ಸಿಲ್ ಅವಳ ಕೈಗೇ ಕೊಟ್ಟೆ. ಮೂರು ಬದಿ ತೀಡಿ, ನಾಲ್ಕನೆಯದನ್ನು ಹಾಗೇ ಬಿಟ್ಟಳು. ಉಳಿದವರು 7, ಒಟ್ಟು 33. ತಾಳೆಯಾಯಿತು ಅಪ್ಪಾಜಿ. ಆಮೇಲೆ ಇಬ್ಬರೂ ಊಟಕ್ಕೆ ಎದ್ದೆವು. ಸಾರು ಆರಿಹೋಗಿತ್ತು.

ನಿಮ್ಮ ಮಗಳು