ಗಣಿಯೂರಿನ ರಾತ್ರಿಗೊಂದು ಸಂಗೀತ

ಊರು ಮಲಗಿದ ಮೇಲೆ ಕೇಳುವ ಸಂಗೀತವೇ ಬೇರೆ. ಹನ್ನೊಂದು ದಾಟಿದರೆ ನನ್ನ ಕಿವಿಗೆ ಮಾತು ಬೇಡ, ತಾಳವೂ ಬೇಡ; ಒಂದು ಸ್ವರ ಹುಟ್ಟಿ, ತುಂಬಿಕೊಂಡು, ತನ್ನ ಪಾಡಿಗೆ ಕರಗಿದರೆ ಸಾಕು. ಬ್ರಯಾನ್ ಈನೊ 1978ರಲ್ಲಿ ವಿಮಾನ ನಿಲ್ದಾಣಕ್ಕೆಂದು ಇಂಥದನ್ನು ಮಾಡಿ ಆಂಬಿಯೆಂಟ್ ಎಂದು ಕರೆದರು. ಮ್ಯಾಕ್ಸ್ ರಿಕ್ಟರ್ 2015ರಲ್ಲಿ ನಿದ್ದೆಗೆಂದೇ ಎಂಟು ಗಂಟೆಯ ಕೃತಿ ರಚಿಸಿದರು. ಎರಡೂ ನನಗೆ ಪ್ರಿಯ. ಆದರೆ ಚಿನ್ನದ ಗಣಿಯೂರಾದ ನಮ್ಮ ಕೆಜಿಎಫ್‌ನವರು ಕೇಳಲೇಬೇಕಾದದ್ದು ಯೋಹಾನ್ ಯೋಹಾನ್ಸನ್ ಅವರ ‘ದಿ ಮೈನರ್ಸ್ ಹಿಮ್ಸ್’.

ಐಸ್‌ಲ್ಯಾಂಡಿನ ಇವರು ಇಂಗ್ಲೆಂಡಿನ ಡರಮ್‌ನ ಕಲ್ಲಿದ್ದಲು ಗಣಿಗಳಿಗಾಗಿ ಮಾಡಿದ ಕೃತಿ ಅದು. ಬಿಲ್ ಮಾರಿಸನ್ ಹಳೆಯ ತುಣುಕುಗಳನ್ನು ಜೋಡಿಸಿ ಮಾಡಿದ ಮಾತಿಲ್ಲದ ಚಿತ್ರದೊಂದಿಗೆ 2010ರಲ್ಲಿ ಅಲ್ಲಿನ ಕೆಥೆಡ್ರಲ್‌ನಲ್ಲೇ ಮೊದಲು ನುಡಿಸಿದರು. ಗಣಿ ಕಾರ್ಮಿಕರಿಗೆ ತಮ್ಮದೇ ಬ್ಯಾಂಡ್‌ಗಳಿದ್ದ ಊರದು. ಅದಕ್ಕೇ ಹಿತ್ತಾಳೆಯ ಊದುವಾದ್ಯಗಳು, ಜೊತೆಗೆ ಆರ್ಗನ್. ಹಾಡುವವರಿಲ್ಲ, ಆದರೂ ಸತ್ತವರನ್ನು ಹೆಸರು ಹಿಡಿದು ಕರೆದಂತಿದೆ.

ಅದರ ಮಂದ್ರಸ್ವರ ಎದ್ದಾಗ ಈ ಊರಿನವರಿಗೆ ಏರ್‌ಬ್ಲಾಸ್ಟ್ ನೆನಪಾಗದೆ ಇರದು. ಇಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಒತ್ತಡ ತಾಳದೆ ಒಳಗೆ ಬಂಡೆ ಸಿಡಿದರೆ ಮೇಲೆ ಮನೆಗಳು ನಡುಗುತ್ತಿದ್ದವು. ರಾತ್ರಿ ಪಾಳಿಗೆ ಗಂಡನನ್ನೋ ಮಗನನ್ನೋ ಕಳಿಸಿದ ಮನೆಯಲ್ಲಿ ಆಮೇಲೆ ನಿದ್ದೆ ಎಲ್ಲಿಯದು?

ಅದೇ ಗಣಿಯ ಆಳದಲ್ಲಿ 1965ರಲ್ಲಿ ವಿಜ್ಞಾನಿಗಳು ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣದ ಸುಳಿವು ಹಿಡಿದರು. ಬೇರೆ ಕಣಗಳ ಗದ್ದಲವನ್ನು ಮೇಲಿನ ಬಂಡೆ ತಡೆದಿತ್ತು. ಅಷ್ಟು ಆಳಕ್ಕೆ ಹೋದದ್ದೇ ಆ ನಿಶ್ಶಬ್ದಕ್ಕಾಗಿ. ಮುಂಬೈನ ಸಂಶೋಧನಾ ಸಂಸ್ಥೆ ಟಿಐಎಫ್ಆರ್, ಜಪಾನಿನ ಒಸಾಕಾದವರ ಜೊತೆ ಆ ಪ್ರಯೋಗದಲ್ಲಿ ಡರಮ್ ವಿಶ್ವವಿದ್ಯಾಲಯವೂ ಇತ್ತು! ಎರಡು ಗಣಿಯೂರುಗಳ ನಂಟು ನನ್ನ ಕಲ್ಪನೆಯದಲ್ಲ. ಡರಮ್ ಸೀಮೆಯ ಕೊನೆಯ ಗಣಿ 1993ರಲ್ಲಿ ಮುಚ್ಚಿತು, ನಮ್ಮದು 2001ರ ಫೆಬ್ರವರಿ 28ರಂದು.

ಈಗ ಕೆಜಿಎಫ್ ಅಂದರೆ ಲೋಕಕ್ಕೆ ಕೇಳಿಸುವುದು 2018ರ ಸಿನಿಮಾದ ಅಬ್ಬರ. ರವಿ ಬಸ್ರೂರರ ಸಂಗೀತ ಆ ಕಥೆಗೆ ಸರಿಯಾಗಿಯೇ ಇದೆ. ಆದರೆ ಆ ಕಥೆಯ ಗಣಿ ಬೇರೆ, ಇಲ್ಲಿ ಜನ ಇಳಿದ ಗಣಿ ಬೇರೆ. ಇಲ್ಲಿಯದಕ್ಕೂ ನಿಧಾನದ, ಒಂದು ರಾತ್ರಿಯುದ್ದದ ಕೃತಿ ಬೇಕು. ಅದರಲ್ಲಿ ತಮಿಳು, ತೆಲುಗು, ಕನ್ನಡದ ದನಿಗಳಿರಲಿ, ಚರ್ಚಿನ ಹಾಡಿರಲಿ, ಪಾಳಿಯ ಸೈರನ್ ಇರಲಿ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಬರುವ ರೈಲಿನ ಸದ್ದೂ ಇರಲಿ. ಗಣಿಗೆ ಇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾರಾದರೂ ರೆಕಾರ್ಡರ್ ಹಿಡಿದು ಅವರ ಬಳಿ ಈ ವರ್ಷವೇ ಹೋಗಬೇಕು.