ಚಾವಿ ಎಲ್ಲಿದೆ?

ಕನ್ನಡ ಅಧ್ಯಾಪಕರಿಗೂ ಯಂತ್ರಕ್ಕೂ ಏನು ನಂಟು ಎಂದು ಓದುಗರು ಕೇಳಬಹುದು. ವೃತ್ತಿ ಪರಿಚಯ ಮೇಳದ ಹೊಣೆ ಹೆಗಲಿಗೆ ಬಿದ್ದಾಗ ನಮಗೂ ಹಾಗೆಯೇ ಅನಿಸಿತ್ತು. ನಮ್ಮ ಕಾಸರಗೋಡಿನಲ್ಲಿ ತೆಂಗಿಗೆ ಬರವಿಲ್ಲ, ಗೆರಟೆಗೂ ಬರವಿಲ್ಲ. ಗೆರಟೆಯಿಂದ ಸೌಟು, ಬಟ್ಟಲು ಮಾಡುವ ಮಕ್ಕಳು ಮರಳು ಕಾಗದದಲ್ಲಿ ಉಜ್ಜಿ ಉಜ್ಜಿ ಬೆರಳು ಸವೆಸಿಕೊಳ್ಳುವುದನ್ನು ಕಂಡು, ಹಳೆಯ ವಿದ್ಯಾರ್ಥಿಯೊಬ್ಬರು ಒಂದು ಯಂತ್ರವನ್ನು ಶಾಲೆಗೆ ಕೊಟ್ಟರು.

ಅಕ್ಕಸಾಲಿಗರ ಅಂಗಡಿಯಲ್ಲಿ ನೀವು ಇದನ್ನು ಕಂಡಿರಬಹುದು. ಕೊಕ್ಕೆಗೆ ತೂಗುಹಾಕಿದ ಸಣ್ಣ ಮೋಟಾರು. ಅದರಿಂದ ಇಳಿದುಬಂದ, ಬಳುಕುವ ಕೊಳವೆ. ಅದರ ತುದಿಗೆ ಪೆನ್ನಿನಂತೆ ಹಿಡಿಯುವ ಹಿಡಿ. ವೇಗ ಏರಿಸಲು ಇಳಿಸಲು, ಹೊಲಿಗೆ ಯಂತ್ರಕ್ಕಿರುವಂತೆ, ಕಾಲಡಿಯಲ್ಲಿ ಪೆಡಲು. ಕೊಳವೆ ತಿರುಗುವುದಿಲ್ಲ, ಅದರೊಳಗೆ ಉಕ್ಕಿನ ತಂತಿಗಳನ್ನು ಪದರ ಪದರವಾಗಿ ಸುತ್ತಿ ಮಾಡಿದ ದಂಡ ತಿರುಗುತ್ತದೆ. ಭಾರವೆಲ್ಲ ಕೊಕ್ಕೆಗೆ, ಕೈಗೆ ಹಗುರವಾದ ಹಿಡಿ ಮಾತ್ರ. ಜೇಮ್ಸ್ ಮಾರಿಸನ್ ಎಂಬ ಅಮೆರಿಕದ ದಂತವೈದ್ಯರು 1871ರಲ್ಲಿ ಪೇಟೆಂಟ್ ಪಡೆದ, ಕಾಲಿನಿಂದ ತುಳಿದು ಹಲ್ಲು ಕೊರೆಯುವ ಯಂತ್ರವನ್ನು ಇದರ ಹಿರಿಯಣ್ಣ ಎನ್ನಬಹುದು.

ಯಂತ್ರದ ಜೊತೆ ಇಂಗ್ಲಿಷ್ ಕಿರುಪುಸ್ತಕವೊಂದಿತ್ತು. ಎರಡೂ ಭಾಷೆಗಳಲ್ಲಿ ಓದಿ ಬೆಳೆದವರು ನಾವು. ಒಂದೇ ರಾತ್ರಿಯಲ್ಲಿ ಅದನ್ನು ಕನ್ನಡಕ್ಕೆ ತಂದು, ಗೋಡೆಗೆ ಅಂಟಿಸಿದೆವು. "ಚಕ್ ಬಿಗಿದ ಮೇಲೆ ಚಾವಿಯನ್ನು ತೆಗೆಯಿರಿ" ಎಂಬ ವಾಕ್ಯಕ್ಕೆ ಕೆಂಪು ಶಾಯಿಯಲ್ಲಿ ಅಡಿಗೆರೆಯನ್ನೂ ಎಳೆದೆವು.

ಮೊದಲ ದಿನ ಉಜ್ಜುವ ಬಿಲ್ಲೆಯನ್ನು ಹಿಡಿಗೆ ಸಿಕ್ಕಿಸಿ, ಚಾವಿಯಿಂದ ಬಿಗಿಯುತ್ತಿದ್ದೆವು. ಬಾಗಿಲಲ್ಲಿ ಯಾರೋ ಕರೆದರು. ಅತ್ತ ತಿರುಗಿ ಉತ್ತರ ಹೇಳುವಾಗ ಕಾಲು ಪೆಡಲಿನ ಮೇಲೆ ಬಿತ್ತು. ಚಕ್ಕಿನಲ್ಲೇ ಉಳಿದಿದ್ದ ಚಾವಿ ಸಿಡಿದು, ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ಕಿವಿಯ ಪಕ್ಕದಲ್ಲೇ ಹಾದು ಕಿಟಕಿಯ ಗಾಜು ಒಡೆಯಿತು. ಒಂದು ಗೇಣು ಇತ್ತ ಬಂದಿದ್ದರೆ! ಅಡಿಗೆರೆ ಎಳೆದವರೂ ನಾವೇ, ಚಾವಿ ಬಿಟ್ಟವರೂ ನಾವೇ.

ಸಂಜೆ ಆಕೆಯ ಮನೆಗೆ ಹೋಗಿ ನಡೆದುದನ್ನು ಹೇಳಿದೆವು. ಅವಳ ತಂದೆ ಅಕ್ಕಸಾಲಿಗರು. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೆಂದರು: "ಮಾಸ್ಟ್ರೇ, ಗೊತ್ತಿಲ್ಲದವನು ಹೆದರಿ ನೋಡುತ್ತಾನೆ. ಗೊತ್ತಿದ್ದವನು ನೋಡುವುದೇ ಇಲ್ಲ. ನನ್ನ ಅಂಗಡಿಯಲ್ಲಿ ಚಾವಿಗೆ ಒಂದು ಮೊಳೆ ಇದೆ. ಮೊಳೆಯಲ್ಲಿ ಚಾವಿ ಕಾಣದೆ ನಾನು ಕಾಲಿಡುವುದಿಲ್ಲ."

ಮುಂದಿನ ಶನಿವಾರ ಅವರೇ ಶಾಲೆಗೆ ಬಂದರು. ನಾವು ಬೆಂಚಿನಲ್ಲಿ ಮಕ್ಕಳ ಜೊತೆ ಕುಳಿತು ಕಲಿತೆವು. ಬಿಲ್ಲೆ ಬದಲಿಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕೀಳಬೇಕು. ಕೊಳವೆಯನ್ನು ಗಕ್ಕನೆ ಮಡಚಬಾರದು; ದೊಡ್ಡ ಬಾಗಾಗಿ ಇಳಿಬಿಡಬೇಕು. ಅದು ಮುಟ್ಟಲಾಗದಷ್ಟು ಬಿಸಿಯಾದರೆ ಮಡಿಕೆ ಹೆಚ್ಚಾಗಿದೆ, ಇಲ್ಲವೇ ಒಳಗಿನ ದಂಡ ಒಣಗಿದೆ ಎಂದರ್ಥ. ದಂಡಕ್ಕೆ ಗ್ರೀಸನ್ನು ತೆಳ್ಳಗೆ ಸವರಬೇಕು. ಹೆಚ್ಚಾದರೆ ಅದು ಹಿಡಿಯೊಳಗೆ ಇಳಿಯುತ್ತದೆ. ಬಿಲ್ಲೆಯ ಕಡ್ಡಿ ಸ್ವಲ್ಪ ಸೊಟ್ಟಗಾದರೂ ಎಸೆಯಬೇಕು. ನಮ್ಮ ಮೋಟಾರು ನಿಮಿಷಕ್ಕೆ 18,000 ಸುತ್ತು, ಎಂದರೆ ಸೆಕೆಂಡಿಗೆ 300 ಸುತ್ತು ತಿರುಗಬಲ್ಲದು. ತಂತಿ ಬ್ರಷ್ಷಿನ ಪೊಟ್ಟಣದ ಮೇಲೆ 15,000 ಮೀರಬಾರದೆಂದು ಬರೆದಿದೆ. ಮೀರಿದರೆ ತಂತಿಗಳು ಸೂಜಿಗಳಂತೆ ಹಾರುತ್ತವೆ. ಕಣ್ಣಿಗೆ ರಕ್ಷಣೆಯ ಕನ್ನಡಕ, ಗೆರಟೆಯ ಧೂಳಿಗೆ ಮಾಸ್ಕು ಬೇಕೇ ಬೇಕು. ಜಡೆ ಕಟ್ಟಿರಬೇಕು, ಶಾಲು ತೆಗೆದಿಡಬೇಕು, ತೋಳು ಮಡಚಿರಬೇಕು. ಬಟ್ಟೆಯ ಕೈಗವಸು ಬೇಡ. ತಿರುಗುವ ತುದಿ ಅದನ್ನು ಬೆರಳಿನ ಸಹಿತ ಎಳೆದುಕೊಳ್ಳುತ್ತದೆ. ಗೆರಟೆಯನ್ನು ಅಂಗೈಯಲ್ಲಿ ಹಿಡಿಯದೆ ಇಕ್ಕಳದಲ್ಲಿ ಬಿಗಿಯಬೇಕು. ಒತ್ತುವುದಕ್ಕಿಂತ ತಾಗಿಸುವುದು ಲೇಸು. ಕೆಲಸ ಮಾಡುವುದು ವೇಗ, ತೋಳಿನ ಬಲವಲ್ಲ.

ವ್ಯಾಕರಣದಲ್ಲಿ "ತೆಗೆಯಿರಿ" ಎಂಬುದು ವಿಧ್ಯರ್ಥ. ಗೋಡೆಯ ಮೇಲೆ ಅಂಟಿದ ವಿಧ್ಯರ್ಥಕ್ಕೆ ಕಣ್ಣು ಬೇಗ ಒಗ್ಗಿಹೋಗುತ್ತದೆ. ಪ್ರಶ್ನೆಗಾದರೆ ಉತ್ತರ ಕೊಡಲೇಬೇಕು. ಆದ್ದರಿಂದ ಆ ಹಾಳೆಯನ್ನು ಕಿತ್ತು, ಚಾವಿಗೆ ಒಂದು ಮೊಳೆ ಹೊಡೆದೆವು. ಈಗ ಯಾರೇ ಪೆಡಲಿಗೆ ಕಾಲಿಡುವ ಮೊದಲು ಪಕ್ಕದಲ್ಲಿದ್ದವರು "ಚಾವಿ ಎಲ್ಲಿದೆ?" ಎಂದು ಗಟ್ಟಿಯಾಗಿ ಕೇಳಬೇಕು. ಯಂತ್ರದ ಮುಂದೆ ಕುಳಿತವರು ಮೊಳೆಯತ್ತ ಕೈ ತೋರಿಸಬೇಕು. ಈ ಪ್ರಶ್ನೆಯನ್ನು ನಮಗೆ ಮೊದಲು ಕೇಳಿದವಳು ಆ ಹುಡುಗಿಯೇ. ತುಸು ಅಳುಕುತ್ತಲೇ ಕೇಳಿದಳು. ನಾವು ಕೈ ತೋರಿಸಿದೆವು.

ಪೋಷಕರಲ್ಲಿ ಒಂದು ವಿನಂತಿ. ಮನೆಯಲ್ಲಿ ನೀವು ಡ್ರಿಲ್ಲೋ ಗರಗಸವೋ ಹಿಡಿದಿರುವಾಗ ಮಕ್ಕಳು ಹೀಗೇನಾದರೂ ಕೇಳಿದರೆ, ದೊಡ್ಡವರಿಗೇ ಬುದ್ಧಿ ಹೇಳುತ್ತೀಯಾ ಎಂದು ಗದರಬೇಡಿ. ಒಂದು ಕ್ಷಣ ನಿಲ್ಲಿಸಿ ಉತ್ತರ ಕೊಡಿ. ಅಧ್ಯಾಪಕರಾದ ನಮಗೆ ಆ ಉತ್ತರ ಕೊಡಲು ನಾಚಿಕೆಯಾಗಲಿಲ್ಲ. ನಾಚಿಕೆಯಾದದ್ದು ಗಾಜು ಒಡೆದ ದಿನ.